ಮರಕ್ಕೊಂದು ಕಟಿಂಗ್

ಮರದ ಬುಡಕ್ಕೆ ನೋಟಿಸ್ ಅಂಟಿಸಿದ್ದರು. ಕ್ಷೌರಿಕ ಅದನ್ನು ಎರಡು ಸಲ ಓದಿದ. ಎರಡನೇ ಸಲವೂ ಅದರಲ್ಲಿ ಒಳ್ಳೆಯದೇನೂ ಇರಲಿಲ್ಲ. ಎಲೆಗಳಿಗೆ ಹುಳ ಬಿದ್ದಿದೆಯೆಂದು ದೂರು ಬಂದಿದೆಯಂತೆ. ಸಂಜೆ ನಾಲ್ಕಕ್ಕೆ ಅಧಿಕಾರಿ ಬಂದು ನೋಡುತ್ತಾರಂತೆ. ದೂರು ನಿಜವಾದರೆ ಮರಕ್ಕೆ ಕೊಡಲಿಯಂತೆ.

ಇಪ್ಪತ್ತು ವರ್ಷದಿಂದ ಅವನ ಅಂಗಡಿಯೆಂದರೆ ಒಂದು ಕುರ್ಚಿ, ಒಂದು ಕನ್ನಡಿ, ಆ ಮರದ ನೆರಳು. ಕನ್ನಡಿ ತೂಗುಹಾಕಿದ ಮೊಳೆಯೂ ಮರದಲ್ಲೇ ಇತ್ತು. ಮರ ಹೋದರೆ ಹೊಟ್ಟೆಪಾಡೇ ಹೋದ ಹಾಗೆ.

ದೂರು ಕೊಟ್ಟವರು ಎದುರುಮನೆಯ ಮೇಷ್ಟ್ರು. ಅವರಿಗೆ ಕಾರು ನಿಲ್ಲಿಸಲು ಜಾಗ ಬೇಕಿತ್ತು.

"ನೋಡಯ್ಯಾ, ಎಲೆ ತುಂಬ ಬಿಳೀ ಗೆರೆ. ಒಳಗೇ ಸುರಂಗ ಕೊರ್ಕೊಂಡು ಹುಳ ಕೂತಿದೆ. ನಾಳೆ ಬೀದಿಗೆಲ್ಲ ಹರಡುತ್ತೆ."

"ಹರಡಿದ್ರೆ ಮೊದಲು ನನ್ ತಲೆ ಮೇಲೆ ಬೀಳುತ್ತೆ ಮೇಷ್ಟ್ರೇ, ನಿಮಗ್ಯಾಕೆ ತಲೆನೋವು? ಈ ಮರ ಕಡಿಯೋರು ಮೊದಲು ನನ್ ಕುರ್ಚೀಲಿ ಕೂತು ಕತ್ತು ಕೊಡ್ಲಿ!" ಎಂದು ಅವನು ಕ್ಷೌರದ ಕತ್ತಿ ಮಸೆದ. ಮೇಷ್ಟ್ರು ಕತ್ತು ಮುಟ್ಟಿಕೊಂಡು ಒಳಗೆ ಹೋದರು.

ಅರ್ಧ ಗಡ್ಡ ತೆಗೆಸಿಕೊಂಡು ಕುರ್ಚಿಯಲ್ಲಿ ಕೂತಿದ್ದ ಪೇಂಟರ್, "ಅಣ್ಣಾ, ಗೆರೆ ಕಾಣಿಸ್ದಿದ್ರಾಯ್ತು ತಾನೆ? ಹಸಿರು ಬಣ್ಣ ಬಳಿದುಬಿಡ್ಲಾ?" ಎಂದ.

ಪಕ್ಕದ ದರ್ಜಿ ಅಕ್ಕ ಹೊಲಿಗೆ ನಿಲ್ಲಿಸಿ, "ಬಣ್ಣ ಯಾಕ್ರೋ? ಕೈಯಲ್ಲಿ ಕತ್ತರಿ ಇಟ್ಕೊಂಡು ಯೋಚ್ನೆ ಮಾಡ್ತೀಯಲ್ಲ ತಮ್ಮಾ!" ಎಂದಳು.

ಅಷ್ಟು ಸಾಕಾಯಿತು. ಪೇಂಟರ್ ಅರ್ಧ ಗಡ್ಡದಲ್ಲೇ ತನ್ನ ಏಣಿ ತಂದು ಹಿಡಿದುಕೊಂಡ, ಕ್ಷೌರಿಕ ಹತ್ತಿದ. ಗೆರೆಯ ಎಲೆ ಕಂಡರೆ ಕಚಕ್. ಬಲಗಡೆ ತೆಳ್ಳಗಾಯಿತೆಂದು ಎಡಗಡೆಯನ್ನೂ ಸಮ ಮಾಡಿದ. ಎಡಗಡೆ ಇನ್ನೂ ತೆಳ್ಳಗಾಯಿತೆಂದು ಮತ್ತೆ ಬಲಗಡೆಗೆ ಬಂದ. ಇಪ್ಪತ್ತು ವರ್ಷದ ಕೈ ಅಭ್ಯಾಸ, ಬಿಡು ಎಂದರೆ ಬಿಡುತ್ತದೆಯೇ? ನಾಲ್ಕು ಗಂಟೆಯ ಹೊತ್ತಿಗೆ ಮರದ ನೆತ್ತಿಯಲ್ಲಿ ಒಂದು ಹಿಡಿ ಎಲೆ ಉಳಿದಿತ್ತು.

ಅಧಿಕಾರಿ ಬಂದವರೇ ಟೋಪಿ ತೆಗೆದು ಬೆವರು ಒರೆಸಿಕೊಂಡರು. ಅವರ ತಲೆಯಲ್ಲೂ ಕೂದಲು ಎಣಿಸುವಷ್ಟೇ ಇತ್ತು. ನೆಲದಿಂದ ಒಂದು ಎಲೆ ಎತ್ತಿ ಬೆಳಕಿಗೆ ಹಿಡಿದು ನೋಡಿದರು.

"ಯಾರ್ರೀ ಈ ಕೆಲ್ಸ ಮಾಡಿದ್ದು?"

"ನಾನೇ ಸ್ವಾಮಿ! ಒಂದು ಹುಳಾನೂ ಉಳಿದಿಲ್ಲ. ಈಗ ಕಡೀರಿ ನೋಡೋಣ!"

"ನೋಡದೇನೇ ಕಡೀತೀನಿ ಅಂತ ಯಾರು ಹೇಳಿದ್ರು? ಇದು ಮರ ಸಾಯೋ ರೋಗ ಅಲ್ಲ. ಹುಳ ಜಾಸ್ತಿಯಾದ ಎಲೇನ ಈ ಮರ ತಾನೇ ಬೇಗ ಉದುರಿಸಿಬಿಡುತ್ತೆ. ಎಲೆ ಒಣಗಿದ್ರೆ ಒಳಗಿರೋ ಹುಳಾನೂ ಸಾಯುತ್ತೆ. ಮಿಕ್ಕ ಎಲೆ ಗೆರೆ ಇದ್ರೂ ಕೆಲ್ಸ ಮಾಡ್ತಾ ಇರುತ್ತೆ. ಸುಮ್ನೆ ಬಿಟ್ಟಿದ್ರೆ ಸಾಕಿತ್ತು."

ಮೇಷ್ಟ್ರ ಮುಖ ಸಪ್ಪಗಾಯಿತು. ಕ್ಷೌರಿಕನಿಗೆ ಕುಣಿಯುವಷ್ಟು ಖುಷಿ. "ಹಾಗಾದ್ರೆ ಮರ ಉಳೀತು!"

"ಉಳೀತು. ಆದ್ರೆ ಈ ಗತಿಗೆ ತಂದಿದ್ದೀರಲ್ಲ, ಚೇತರಿಸ್ಕೊಳ್ಳೋಕೆ ಒಂದು ವರ್ಷ ಬೇಕು. ಅಲ್ಲೀವರೆಗೂ ಸುತ್ತ ಬೇಲಿ. ಕೆಳಗೆ ಯಾರೂ ಕೂರೋ ಹಾಗಿಲ್ಲ. ಆ ಮೊಳೇನೂ ಕೀಳಿ."

ಅಲ್ಲೇ ನಿಂತು ಹಗ್ಗ ಸುತ್ತಿಸಿದರು. ಕ್ಷೌರಿಕ ಕುರ್ಚಿ ಎತ್ತಿಕೊಂಡು ಹೋಗಿ ಮೇಷ್ಟ್ರ ಗೇಟಿನ ಎದುರಿಗೇ, ಸುಡುಬಿಸಿಲಲ್ಲಿ ಕುಕ್ಕಿದ. ಕೆಲಸ ಮುಗಿಸಿದ ಅಧಿಕಾರಿ ಅದರಲ್ಲಿ ಬಂದು ಕೂತರು.

"ಹೇಗೂ ಬಂದಿದ್ದೀನಿ, ಹಾಗೇ ಹಿಂದುಗಡೆ ಒಂಚೂರು ಟ್ರಿಮ್ ಮಾಡಿಬಿಡಿ."

ಕ್ಷೌರಿಕ ಆ ತಲೆಯನ್ನು ಬೆಳಕಿಗೆ ತಿರುಗಿಸಿ ನೋಡಿ, ಕತ್ತರಿಯನ್ನು ಜೇಬಿಗಿಳಿಸಿದ.

"ಆಗಲ್ಲ ಸ್ವಾಮಿ. ಉದುರೋದು ತಾನೇ ಉದುರುತ್ತೆ. ಸುಮ್ನೆ ಬಿಟ್ರೆ ಸಾಕು."