ಭಾವನ ಸಿಟ್ಟಿಗೆ ಬ್ಯಾಟರಿ ಔಷಧಿ

ದಾಕ್ಷಾಯಣಮ್ಮ: ಮೊದಲು ಆ ಎಂಜಿನ್ ಆಫ್ ಮಾಡಿ.

ಶಿವಯೋಗಪ್ಪ: ಆಫ್ ಮಾಡೋದು ದೊಡ್ಡ ವಿಷಯ ಅಲ್ಲ ಮಾರಾಯ್ತಿ. ಮತ್ತೆ ಆನ್ ಆಗ್ಬೇಕಲ್ಲ.

ದಾಕ್ಷಾಯಣಮ್ಮ: ನಿನ್ನೆ ಅದೇನೋ ಔಷಧಿ ಹಾಕಿದ್ರಲ್ಲ. ಮುದಿ ಬ್ಯಾಟರಿ ಮದುಮಗ ಆಗುತ್ತೆ ಅಂದ್ರಲ್ಲ.

ಶಿವಯೋಗಪ್ಪ: ಆಗಿದೆ.

ದಾಕ್ಷಾಯಣಮ್ಮ: ಹಾಗಾದ್ರೆ ಆಫ್ ಮಾಡಿ.

ಶಿವಯೋಗಪ್ಪ: ಮದುಮಗನಿಗೂ ಸುಧಾರಿಸ್ಕೊಳ್ಳೋಕೆ ಟೈಮ್ ಬೇಡ್ವಾ?

ಭದ್ರಾವತಿಯಲ್ಲಿ ದಾಕ್ಷಾಯಣಮ್ಮನ ತಂಗಿ ಶರಾವತಿಯ ಮನೆ ಮುಂದೆ, ಶಾಮಿಯಾನದ ಪಕ್ಕದಲ್ಲಿ ಗಂಡಹೆಂಡಿರ ಹಳೇ ವ್ಯಾನು ಗುರುಗುಡುತ್ತಾ ನಿಂತಿತ್ತು. ಒಳಗೆ ಶರಾವತಿಯ ಮಗಳು ಮಂಜುಶ್ರೀಯ ನಿಶ್ಚಿತಾರ್ಥ. ಶಿವಮೊಗ್ಗದಲ್ಲಿ ಇವರ ಮನೆ ಇರುವುದು ಇಳಿಜಾರಿನಲ್ಲಿ. ಬ್ರೇಕು ಬಿಟ್ಟರೆ ವ್ಯಾನು ತಾನಾಗಿ ಉರುಳುತ್ತದೆ, ಗೇರು ಹಾಕಿದರೆ ಎಂಜಿನ್ ಹತ್ತಿಕೊಳ್ಳುತ್ತದೆ, ಬ್ಯಾಟರಿಯ ಹಂಗೇ ಇಲ್ಲ. ಶರಾವತಿಯ ಬೀದಿಯೋ, ತಟ್ಟಿದ ರೊಟ್ಟಿಯಷ್ಟು ಸಮತಟ್ಟು. ಹಾಗಾಗಿ ಈ ಮನೆಯ ಗೃಹಪ್ರವೇಶವನ್ನೂ, ತಂಗಿಯ ಗಂಡ ಹೂವಪ್ಪನ ರಿಟೈರ್‌ಮೆಂಟ್ ಊಟವನ್ನೂ ಶಿವಯೋಗಪ್ಪ ಎಂಜಿನ್ ಆಫ್ ಮಾಡದೆ ಡ್ರೈವರ್ ಸೀಟಿನಲ್ಲೇ ಕೂತು ಮುಗಿಸಿದ್ದರು. ಹೋಳಿಗೆ ಕಿಟಕಿಗೇ ಬಂದಿತ್ತು. ಕಾರಣ ಕೇಳಿದವರಿಗೆಲ್ಲ "ಅರ್ಜೆಂಟ್ ಕೆಲಸ ಇದೆ" ಎಂಬ ಒಂದೇ ಉತ್ತರ. ನೆಂಟರು ಅದಕ್ಕೆ ಸಿಟ್ಟು, ಕೊಬ್ಬು ಎಂದೆಲ್ಲ ಹೆಸರಿಟ್ಟರು.

"ಈ ಸಲವೂ ಭಾವ ಇಳೀದಿದ್ರೆ ನೀನೂ ಇಳೀಬೇಡ ಅಕ್ಕ" ಎಂದು ಶರಾವತಿ ಮೊನ್ನೆ ಫೋನು ಇಟ್ಟುಬಿಟ್ಟಿದ್ದಳು. ಇರುವವಳು ಒಬ್ಬಳೇ ತಂಗಿ. ಅವತ್ತಿನಿಂದ ದಾಕ್ಷಾಯಣಮ್ಮನಿಗೆ ಅನ್ನ ಗಂಟಲಲ್ಲಿ ಇಳಿದಿರಲಿಲ್ಲ.

ದಾಕ್ಷಾಯಣಮ್ಮ: ನಾನು ನಿಜ ಹೇಳಿಬಿಡ್ತೀನಿ. ಬ್ಯಾಟರಿ ಸತ್ತಿದೆ ಅಂತ.

ಶಿವಯೋಗಪ್ಪ: ಹೂವಪ್ಪನ ಮುಂದೆ? ಊರೆಲ್ಲ ಡಂಗುರ ಹೊಡೀತಾನೆ. ಅವನು ಹೊಸ ಕಾರು ತಗೊಂಡಾಗ, ನನ್ನ ವ್ಯಾನಿನ ಮುಂದೆ ಇದೇನು ಮಹಾ ಅಂದಿದೀನಿ ನಾನು.

ದಾಕ್ಷಾಯಣಮ್ಮ: ಅಷ್ಟು ಮರ್ಯಾದೆ ಇರೋರು ಹೊಸ ಬ್ಯಾಟರಿ ಹಾಕಿಸ್ಬೇಕಿತ್ತು.

ಶಿವಯೋಗಪ್ಪ: ಯಾಕೆ ಹಾಕಿಸ್ಬೇಕು? ಒಳಗೆ ಸೀಸದ ಪ್ಲೇಟಿಗೆ ಬಿಳಿ ಉಪ್ಪು ಕಟ್ಟಿರುತ್ತೆ. ಈ ಪುಡಿ ಅದನ್ನ ಕರಗಿಸುತ್ತೆ, ಅಷ್ಟೇ. ನಿನ್ನ ಬಚ್ಚಲ ಹಂಡೇಲಿ ಕಟ್ಟಲ್ವಾ, ಹಾಗೆ.

ದಾಕ್ಷಾಯಣಮ್ಮ: ಬ್ಯಾಟರಿ ಅಂಗಡಿ ಮೆಹಬೂಬ್ ಸಾಬ್ ಏನಂದ್ರು?

ಶಿವಯೋಗಪ್ಪ: ಅವನು ಹೊಸ ಬ್ಯಾಟರಿ ಮಾರೋನು. ಅವನ ಮಾತು ಬಿಡು.

ದಾಕ್ಷಾಯಣಮ್ಮ: ಏನಂದ್ರು ಹೇಳಿ.

ಶಿವಯೋಗಪ್ಪ: ಮುದುಕರಿಗೆ ಗ್ಲೂಕೋಸ್ ಏರಿಸಿದ ಹಾಗೆ ಸಾರ್, ಎದ್ದು ಕೂರ್ತಾರೆ, ಮೆರವಣಿಗೆಗೆ ಕರೀಬೇಡಿ ಅಂದ.

ಅಷ್ಟರಲ್ಲಿ ಹೂವಪ್ಪ ಶಲ್ಯ ಸರಿಮಾಡಿಕೊಳ್ಳುತ್ತಾ ಕಿಟಕಿಯ ಹತ್ತಿರ ಬಂದ. ಮುಖದಲ್ಲಿ ನಗುವಿತ್ತು, ಕಣ್ಣಲ್ಲಿ ಇರಲಿಲ್ಲ.

ಹೂವಪ್ಪ: ಬಂದ್ರಾ ಅಣ್ಣ? ಎಲೆ ಕಿಟಕಿಗೇ ಕಳಿಸ್ಲಾ?

ದಾಕ್ಷಾಯಣಮ್ಮನಿಗೆ ಮೈ ಉರಿಯಿತು. ಕೈ ಚಾಚಿ ಕೀಲಿ ತಿರುಗಿಸಿ, ಕಿತ್ತು, ಸೆರಗಿಗೆ ಗಂಟು ಹಾಕಿಕೊಂಡರು. ಎಂಜಿನ್ ಒಂದು ಸಲ ಮುಲುಗಿ ಸುಮ್ಮನಾಯಿತು.

ದಾಕ್ಷಾಯಣಮ್ಮ: ಒಳಗೇ ಹಾಕ್ಸಪ್ಪ. ಪಂಕ್ತೀಲಿ ಕೂರ್ತಾರೆ.

ಶಿವಯೋಗಪ್ಪ ಬಂಧುಗಳ ಮಧ್ಯೆ ಕೂತು ಉಂಡರು. ಉಂಡರು ಎನ್ನುವುದಕ್ಕಿಂತ, ಒಂದು ಕಣ್ಣು ಎಲೆಯ ಮೇಲೆ, ಒಂದು ಕಣ್ಣು ವ್ಯಾನಿನ ಮೇಲೆ ಇಟ್ಟು ನುಂಗಿದರು. ಇತ್ತ ಅಡುಗೆಮನೆಯಲ್ಲಿ ದಾಕ್ಷಾಯಣಮ್ಮ ತಂಗಿಯ ಕೈ ಹಿಡಿದು ಎಲ್ಲವನ್ನೂ ಹೇಳಿಬಿಟ್ಟರು.

ದಾಕ್ಷಾಯಣಮ್ಮ: ನಿನ್ನ ಭಾವನಿಗೆ ಸಿಟ್ಟು ಇರ್ಲಿಲ್ಲ ಕಣೆ. ಬ್ಯಾಟರಿ ಇರ್ಲಿಲ್ಲ.

ಶರಾವತಿ: ನಿಜವಾಗ್ಲೂ?

ದಾಕ್ಷಾಯಣಮ್ಮ: ಹೊರಡುವಾಗ ನೀನೇ ನೋಡು. ತಳ್ಳದೆ ಅಲ್ಲಾಡಲ್ಲ.

ಶರಾವತಿ ಅತ್ತಳು, ನಕ್ಕಳು, ಅಕ್ಕನ ಬಾಯಿಗೆ ಹೋಳಿಗೆ ತುರುಕಿದಳು. ಹೊರಡುವ ಹೊತ್ತಿಗೆ ಸುದ್ದಿ ಮನೆಯೆಲ್ಲ ಹರಡಿ, ತಳ್ಳಲೆಂದು ಬೀಗರ ಕಡೆಯವರೂ ರೇಷ್ಮೆ ಪಂಚೆ ಎತ್ತಿಕಟ್ಟಿ ವ್ಯಾನಿನ ಹಿಂದೆ ನಿಂತರು. ಶಿವಯೋಗಪ್ಪ ಹೆಂಡತಿಯ ಸೆರಗಿನ ಗಂಟಿನಿಂದ ಕೀಲಿ ಬಿಡಿಸಿಕೊಂಡು, ಎಲ್ಲಕ್ಕೂ ಮೊದಲು ಶಾಸ್ತ್ರಕ್ಕೆಂದು ಒಮ್ಮೆ ತಿರುಗಿಸಿದರು. ವ್ಯಾನು ಒಂದೇ ಏಟಿಗೆ ಗರ್ಜಿಸಿತು.

ಹೂವಪ್ಪ: ಸತ್ತಿದೆ ಅಂದ್ರಲ್ಲ ಅತ್ತಿಗೆ.

ಶಿವಯೋಗಪ್ಪ: ನೋಡಿದ್ರಾ? ಔಷಧಿ ಅಂದ್ರೆ ಇದು.

ದಾಕ್ಷಾಯಣಮ್ಮ: ನೀವು ಸ್ವಲ್ಪ ಬಾಯಿ ಮುಚ್ಚಿ.

ಶರಾವತಿ: ಅಂದ್ರೆ ಭಾವ ಇಳೀದಿದ್ದು ಕೊಬ್ಬಿಗೇ. ಅವರನ್ನ ಉಳಿಸೋಕೆ ನನ್ನ ಅಡುಗೆಮನೇಲೇ ನಿಂತು ನನಗೆ ಸುಳ್ಳು ಹೇಳ್ದೆಯಲ್ಲ ಅಕ್ಕ.

ದಾಕ್ಷಾಯಣಮ್ಮ: ಆಫ್ ಮಾಡ್ರಿ. ಇನ್ನೊಂದ್ಸಲ ಹಾಕಿ.

ಶಿವಯೋಗಪ್ಪ: ದೇವರು ಕೊಟ್ಟಾಗ ಹೊರಟುಬಿಡ್ಬೇಕು ಕಣೆ.

ದಾಕ್ಷಾಯಣಮ್ಮ: ಆಫ್ ಮಾಡಿ ಅಂದೆ.

ಆಫ್ ಮಾಡಿದರು. ಕೀಲಿ ತಿರುಗಿಸಿದರು. ವ್ಯಾನು ಈ ಸಲವೂ ಗರ್ಜಿಸಿತು, ಆದರೆ ಸ್ವಲ್ಪ ಕೆಮ್ಮಿಕೊಂಡು. ಶರಾವತಿ ಬೆನ್ನು ತಿರುಗಿಸಿ ಹೊಸಿಲ ಕಡೆ ನಡೆದಳು. ಇಷ್ಟು ದಿನ ಬ್ಯಾಟರಿಗೆ ಹಿಡಿಶಾಪ ಹಾಕಿದ್ದ ದಾಕ್ಷಾಯಣಮ್ಮ ಈಗ ಮನೆದೇವರನ್ನು ನೆನೆದು, ಅಪ್ಪಾ ಇದು ಸಾಯಲಿ, ನಿನಗೆ ಕಾಯಿ ಒಡೆಸುತ್ತೇನೆ ಎಂದು ಹರಕೆ ಹೊತ್ತರು. ನಾದಿನಿಯ ಬೆನ್ನು ನೋಡಿದ ಶಿವಯೋಗಪ್ಪನಿಗೂ ಆಗಲೇ ವಿಷಯ ಹೊಳೆದದ್ದು. ಹೇಳಿಸಿಕೊಳ್ಳದೆ ತಾವೇ ಎಂಜಿನ್ ನಿಲ್ಲಿಸಿ, ಮತ್ತೆ ಕೀಲಿ ತಿರುಗಿಸಿದರು.

ಟಕ್.

ಇನ್ನೊಮ್ಮೆ ತಿರುಗಿಸಿದರು. ಟಕ್.

ದಾಕ್ಷಾಯಣಮ್ಮ: ಶರಾವತೀ, ಸತ್ತಿತು ಕಣೆ. ಕೇಳಿಸ್ತಾ?

ಶಿವಯೋಗಪ್ಪ: ಈಗಲ್ಲ ಹೂವಪ್ಪ, ಮೂರು ವರ್ಷದಿಂದ ಸತ್ತಿದೆ. ಹೇಳ್ಕೊಳ್ಳೋಕೆ ನಾಚಿಕೆ ಆಗಿ ಕಿಟಕೀಲಿ ಉಂಡೆ. ಯಾರಿಗೆ ಬೇಕಾದ್ರೂ ಹೇಳ್ಕೋ.

ಹೂವಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಶರಾವತಿ ಕಣ್ಣೊರೆಸಿಕೊಂಡು ಓಡಿ ಬಂದಳು, ಸೆರಗು ಸೊಂಟಕ್ಕೆ ಸಿಕ್ಕಿಸಿ ಎಲ್ಲರಿಗಿಂತ ಮುಂದೆ ನಿಂತು ವ್ಯಾನಿನ ಬೆನ್ನಿಗೆ ಕೈ ಕೊಟ್ಟಳು.

ದಾಕ್ಷಾಯಣಮ್ಮ: ನಾಳೆನೇ ಹೊಸ ಬ್ಯಾಟರಿ ಹಾಕಿಸ್ತೀನಿ ಕಣೆ.

ಶರಾವತಿ: ಬೇಡಕ್ಕ, ಮದುವೆಗೂ ಇದರಲ್ಲೇ ಬನ್ನಿ. ನಾವು ತಳ್ಳೋ ತನಕ ಹೋಗೋ ಹಾಗಿಲ್ಲ ನೀವು.