ಹಪ್ಪಳಕ್ಕೊಂದು ಸಾಲ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಹಳ್ಳಿಗಳಿಗೆ ಸ್ಕೂಟರಿನಲ್ಲಿ ಬ್ಯಾಂಕನ್ನೇ ಹೊತ್ತುಕೊಂಡು ಹೋಗುವ 'ಬ್ಯಾಂಕ್ ಮಿತ್ರ' ನಾನು. ಮಹಿಳೆಯರನ್ನು ಸಬಲರನ್ನಾಗಿ ಮಾಡುವುದು ನನ್ನ ಕೆಲಸವಂತೆ. ಅವರು ಮೊದಲೇ ಸಬಲರಾಗಿರುವುದರಿಂದ ನನಗೆ ಫಜೀತಿಗಳಿಗೆ ಕೊರತೆಯಿಲ್ಲ. ನಾರಾವಿ ಕಡೆಯ ಒಬ್ಬ ಹಪ್ಪಳದಕ್ಕನ ಕಥೆಯನ್ನಷ್ಟೇ ಹೇಳುತ್ತೇನೆ. ಬೀಡಿ ಕಟ್ಟುವುದನ್ನು ಬಿಟ್ಟು ಹಲಸಿನ ಹಪ್ಪಳವನ್ನೇ ನೆಚ್ಚಿಕೊಳ್ಳಬೇಕು, ಮಳೆಗಾಲದಲ್ಲಿ ಒಣಗಿಸಲು ಒಂದು ಡ್ರೈಯರ್ ಬೇಕು, ಅದಕ್ಕೊಂದು ಸಾಲ ಬೇಕು. ಅವರ ಆಸೆ ಇಷ್ಟೇ.

ಹೆಬ್ಬೆರಳು

ಮೊದಲು ಮಿಷನ್ ಮೇಲೆ ಹೆಬ್ಬೆರಳು ಒತ್ತಿ ಖಾತೆ ತೆರೆಯಬೇಕಿತ್ತು. ಬೀಡಿ ಸುತ್ತಿ ಸುತ್ತಿ ಅಕ್ಕನ ಬೆರಳಿನ ಗೆರೆಗಳೇ ಸವೆದಿದ್ದವು. ಒರೆಸಿದೆವು, ತೊಳೆದೆವು, ಎಣ್ಣೆ ಹಚ್ಚಿದೆವು. ಮಿಷನ್ ಜಪ್ಪಯ್ಯ ಅನ್ನಲಿಲ್ಲ. ಜಗಲಿಯಲ್ಲಿ ಪೇಪರ್ ಓದುತ್ತಿದ್ದ ಗಂಡ ಎದ್ದು ಬಂದು ತಮ್ಮ ಹೆಬ್ಬೆರಳು ಒತ್ತಿದರು. ತಕ್ಷಣ ಹಸಿರು ದೀಪ!

"ನೋಡಿದಿರಾ?" ಎಂದು ಬೀಗಿದರು.

ಅಕ್ಕ ನನ್ನ ಕಡೆ ತಿರುಗಿ ಹೇಳಿದರು: "ಬಾರದೆ ಎಂತ ಮೇಡಂ? ಮದುವೆ ದಿನ ಹೇಗಿತ್ತೋ ಹಾಗೆಯೇ ಉಂಟು. ಒಂದು ಕೆಲಸಕ್ಕೂ ಉಪಯೋಗಿಸಲಿಲ್ಲ."

ಮಾತಾಡುವ ಪೆಟ್ಟಿಗೆ

ಮೊಬೈಲಿಗೆ ಬಂದ ಒಟಿಪಿಯಿಂದ ಹೇಗೋ ಖಾತೆಯಾಯಿತು. ಗಿರಾಕಿಗಳು ಫೋನಿನಲ್ಲಿ ಹಣ ಹಾಕಿದರೆ ಜೋರಾಗಿ ಕೂಗಿ ಹೇಳುವ ಪೆಟ್ಟಿಗೆಯನ್ನೂ ಕೊಟ್ಟೆ. ಅದು "ಇನ್ನೂರು ರೂಪಾಯಿ ಬಂದಿದೆ" ಎಂದಾಗಲೆಲ್ಲ ಗಂಡನಿಗೆ ಪೇಟೆಗೆ ಹೋಗುವ ನೆನಪಾಗುತ್ತಿತ್ತು, ಮೈದುನನ ಬೈಕಿನಲ್ಲಿ ಪೆಟ್ರೋಲ್ ಮುಗಿಯುತ್ತಿತ್ತು. ಅಕ್ಕ ರೋಸಿಹೋಗಿ ಪೆಟ್ಟಿಗೆಯನ್ನು ಅಕ್ಕಿ ಡಬ್ಬಿಯೊಳಗೆ ಹುಗಿದರು. ಮರುದಿನ ಡಬ್ಬಿಯೇ ಮಾತಾಡಿತು. ವಿಷಯ ಗೊತ್ತಿಲ್ಲದ ಅತ್ತೆ ಲಕ್ಷ್ಮಿಯೇ ಬಂದಳೆಂದು ಕೈಮುಗಿದು, ಮುಂದೆ ದೀಪ ಹಚ್ಚಿಟ್ಟರು. ಈಗ ಅಕ್ಕ ಹಣವನ್ನೂ ಅದರಲ್ಲೇ ಇಡುತ್ತಾರೆ. ಮನೆಯಲ್ಲಿ ಬೇರೆ ಯಾರೂ ಅದನ್ನು ಮುಟ್ಟುವುದಿಲ್ಲ. ಇಷ್ಟು ಭದ್ರವಾದ ಲಾಕರ್ ನಮ್ಮ ಬ್ಯಾಂಕಿನಲ್ಲೂ ಇಲ್ಲ.

ತಪಾಸಣೆ

ಕೊನೆಗೆ ಸಾಲದ ತಪಾಸಣೆಗೆ ಮ್ಯಾನೇಜರ್ ಬರುವುದೆಂದಾಯಿತು. ತಯಾರಾದ ಮಾಲು ತೋರಿಸದಿದ್ದರೆ ಸಾಲವಿಲ್ಲ. ಅಕ್ಕ ವಾರವಿಡೀ ದುಡಿದು ಎರಡು ದೊಡ್ಡ ಡಬ್ಬಿ ತುಂಬ ಹಪ್ಪಳ ಮಾಡಿಟ್ಟರು.

ಮ್ಯಾನೇಜರ್ ಬಂದರು, ಜೊತೆಗೆ ಫೀಲ್ಡ್ ಆಫೀಸರ್ ಮತ್ತು ಡ್ರೈವರ್. ಅಕ್ಕನಿಗೆ ಧೈರ್ಯ ತುಂಬಲು ಅವರ ಸ್ವಸಹಾಯ ಸಂಘದ ಹೆಂಗಸರೂ ಬಂದರು.

"ಮನೆಗೆ ಬಂದವರಿಗೆ ಬರೀ ಚಾ ಕೊಡುವುದಾ?" ಎಂದು ಅಕ್ಕ ಬಾಣಲೆ ಇಟ್ಟರು.

"ಭಾರೀ ಲಾಯ್ಕ್ ಉಂಟು," ಎಂದರು ಮ್ಯಾನೇಜರ್. ಇನ್ನೊಂದು ಹಪ್ಪಳ, ಮತ್ತೊಂದು. ನಾನೇನು ಕಡಿಮೆ ತಿಂದೆನೆಂದು ಹೇಳುವುದಿಲ್ಲ. ಮ್ಯಾನೇಜರರ ಮನೆಯವರಿಗೊಂದು ಕಟ್ಟು, ಫೀಲ್ಡ್ ಆಫೀಸರರ ತಾಯಿಗೊಂದು ಕಟ್ಟು, ಡ್ರೈವರ್‌ಗೂ ಒಂದು, ಹೀಗೆ ಕಟ್ಟುಗಳು ಜೀಪಿಗೆ ಹೋದವು.

ಆಮೇಲೆ ಮ್ಯಾನೇಜರ್ ಕೈ ಒರೆಸಿಕೊಂಡು ಪೆನ್ನು ತೆಗೆದರು. "ಇನ್ನು ಮಾಲು ನೋಡುವ."

ಅಕ್ಕ ಎರಡೂ ಡಬ್ಬಿ ಬಗ್ಗಿಸಿದರು. ತಳದಲ್ಲಿ ಬರೀ ಚೂರು. ಅವರ ಮುಖ ಸಪ್ಪೆಯಾಯಿತು. ಡ್ರೈಯರ್ ಕೈತಪ್ಪಿತೆಂದೇ ನನಗೂ ಅನ್ನಿಸಿತು.

"ಮಾಲು ಎಲ್ಲಿ?"

"ಇತ್ತು ಸರ್," ಎಂದರು ಅಕ್ಕ. "ಅರ್ಧ ನಿಮ್ಮ ಹೊಟ್ಟೆಯಲ್ಲಿ ಉಂಟು, ಉಳಿದದ್ದು ಜೀಪಿನಲ್ಲಿ."

ಮ್ಯಾನೇಜರ್ ಒಮ್ಮೆ ಜೀಪನ್ನು ನೋಡಿದರು, ಗಂಭೀರವಾಗಿ ಬರೆದರು: "ದಾಸ್ತಾನು ಇಲ್ಲ. ಕಾರಣ: ವಿಪರೀತ ಬೇಡಿಕೆ."

ಸಾಲ ಮಂಜೂರಾಯಿತು, ಡ್ರೈಯರ್ ಬಂತು. ಅದನ್ನು ನೋಡಿ ಹೋಗಲು ನಿಯಮದ ಪ್ರಕಾರ ಒಬ್ಬರು ಬಂದಿದ್ದರೆ ಸಾಕಿತ್ತು. ಇಡೀ ಶಾಖೆಯೇ ಬಂತು.