ದುಲ್ಹಾಭಾಯಿಯ ಜೇಬು

ಮನುಷ್ಯ ಹುಟ್ಟುವಾಗಲೇ ಮೈಯಲ್ಲಿ ಎರಡು ಜೇಬು ಇಟ್ಟುಕೊಂಡು ಹುಟ್ಟಿದ್ದರೆ ಜಗತ್ತಿನ ಅರ್ಧ ರಗಳೆ ಇರುತ್ತಿರಲಿಲ್ಲ ಎಂದು ಗಟ್ಟಿಯಾಗಿ ನಂಬಿರುವ ಮಹಾನುಭಾವರೊಬ್ಬರು ನಮ್ಮ ಕುಟುಂಬದಲ್ಲಿದ್ದಾರೆ. ಅವರು ನನ್ನ ಅಕ್ಕನ ಗಂಡ. ಅಕ್ಕನನ್ನು ಆಪಾ ಎಂದೂ ಅವರನ್ನು ದುಲ್ಹಾಭಾಯಿ ಎಂದೂ ಕರೆಯುವುದು ನಮ್ಮ ಮನೆಯ ವಾಡಿಕೆ. ಜೇಬಿಲ್ಲದ ಬಟ್ಟೆಯನ್ನು ಅವರು ತೊಡುವುದಿಲ್ಲ. ರಾತ್ರಿ ಮಲಗುವ ಪೈಜಾಮಕ್ಕೂ ಜೇಬು ಬೇಕು. ಮದುವೆಯ ಶೇರ್ವಾನಿಗೆ ದರ್ಜಿ ಜೇಬು ಮರೆತಿದ್ದನೆಂದು ನಿಕಾಹ್‌ನ ಹಿಂದಿನ ದಿನ ಅದನ್ನು ಬಿಚ್ಚಿಸಿ ಮತ್ತೆ ಹೊಲಿಸಿದರಂತೆ. ಹುಡುಗಿಯ ಕಡೆಯವರಾದ ನಮಗೆ ಆಗಲೇ ಅನುಮಾನ ಬರಬೇಕಿತ್ತು! ಆ ಜೇಬುಗಳಲ್ಲಿ ಏನಿಡುತ್ತಾರೆ ಎನ್ನುತ್ತೀರಾ? ಏನೂ ಇಲ್ಲ. ಕೈ ಇಡುತ್ತಾರೆ. ಹೊರಗಿದ್ದರೆ ಅದು ಏನನ್ನಾದರೂ ಮುಟ್ಟುತ್ತದಲ್ಲ, ಅದಕ್ಕೆ.

ಮುಟ್ಟುವುದರ ಬಗ್ಗೆ ಅವರಿಗೆ ಇಷ್ಟು ಭಯ ಯಾಕೆ ಎಂದು ತಿಳಿಯಬೇಕಾದರೆ ನೀವು ಡಚ್ಚರ ನಾಡಿನಲ್ಲಿರುವ ಹೂಫ್‌ಡಾರ್ಪ್‌ನ ಅವರ ಮನೆಯ ಅಟ್ಟ ಹತ್ತಬೇಕು. ಈ ದೇಶದ ಮನೆಗಳ ಮೆಟ್ಟಿಲು ಏಣಿಗೆ ಹತ್ತಿರದ ಸಂಬಂಧಿ. ನನ್ನ ಮಂಡಿ ಹತ್ತುವಾಗ ಒಮ್ಮೆ, ಇಳಿಯುವಾಗ ಒಮ್ಮೆ ದೂರು ಹೇಳುತ್ತದೆ. ಅಲ್ಲಿ ಒಂದು ಮೇಜು, ಒಂದು ದೀಪ, ಗೋಡೆಯ ತುಂಬ ಗೇಣುದ್ದದ ಗಾಡಿಗಳು. ಸ್ಕೇಲ್ ಮಾಡೆಲ್ ಮಾಡುವ ಹುಚ್ಚು ಈ ದೇಶದಲ್ಲಿ ಎಷ್ಟೋ ಜನಕ್ಕಿದೆ. ಅವರೆಲ್ಲ ಯುದ್ಧವಿಮಾನ ಮಾಡುತ್ತಾರೆ, ಹಡಗು ಮಾಡುತ್ತಾರೆ. ನಮ್ಮ ದುಲ್ಹಾಭಾಯಿ ಮಾಡುವುದು ನೀರಿನ ಟ್ಯಾಂಕರ್. ಯುರೋಪಿನ ಹಾಲಿನ ಲಾರಿಯ ಕಿಟ್ ತರಿಸಿ, ಕೊಯ್ದು, ಉಜ್ಜಿ, ನೀಲಿ ಬಣ್ಣ ಬಳಿದು, ಹೊಟ್ಟೆಯ ಮೇಲೆ ‘ಕುಡಿಯುವ ನೀರು’ ಎಂದು ಕನ್ನಡದಲ್ಲಿ ಬರೆಸಿ, ಹಿಂದೆ ಒಂದು ತುಕ್ಕು ಹಿಡಿದ ನಲ್ಲಿ ಇಡುತ್ತಾರೆ. ವಿಮಾನ ನಿಲ್ದಾಣದ ಪಕ್ಕದಲ್ಲೇ ಇದ್ದುಕೊಂಡು, ವಿಮಾನದ ಬಿಡಿಭಾಗಗಳ ಲೆಕ್ಕ ಇಡುವ ಸಾಫ್ಟ್‌ವೇರನ್ನೇ ನೋಡಿಕೊಳ್ಳುತ್ತ ಒಂದು ವಿಮಾನವನ್ನಾದರೂ ಮಾಡಬಾರದೇ ಎಂದು ಕೇಳಿದ್ದೆ.

“ಚಳ್ಳಕೆರೆಲಿ ನಮ್ಮ ಬೀದಿಗೆ ವಿಮಾನ ಬರ್ತಿತ್ತೇನಪ್ಪಾ?” ಎಂದರು.

ಬರುತ್ತಿದ್ದುದು ಟ್ಯಾಂಕರ್. ಅದು ಬಂದ ದಿನವೇ ಅವರ ಬೀದಿಗೆ ಹಬ್ಬವಂತೆ.

ಗಾಡಿ ಕೂಡಿಸುವುದು ದೊಡ್ಡ ವಿಷಯವಲ್ಲ. ಅಕ್ಷರ ಅಂಟಿಸುವುದಿದೆಯಲ್ಲ, ಅಲ್ಲಿದೆ ಕುತ್ತು. ಅದಕ್ಕೆ ಡೆಕಾಲ್ ಎನ್ನಬೇಕು. ಸ್ಟಿಕ್ಕರ್ ಅಂದಿರೋ, ಆ ದಿನ ನಿಮಗೆ ಚಹಾ ಸಿಗುವುದಿಲ್ಲ. ತೆಳ್ಳನೆಯ ಪಾರದರ್ಶಕ ಪೊರೆಯ ಮೇಲೆ ಅಕ್ಷರ ಅಚ್ಚಾಗಿರುತ್ತದೆ, ಪೊರೆಯ ಕೆಳಗೆ ಕಾಗದ. ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿದರೆ ಕಾಗದದ ಹಿಡಿತ ಸಡಿಲವಾಗುತ್ತದೆ. ಕುಂಚದ ತುದಿಯಿಂದ ಮೆಲ್ಲಗೆ ಸರಿಸಿದರೆ ಪೊರೆ ಜಾರಿ ಗಾಡಿಯ ಮೇಲೆ ಬರುತ್ತದೆ. ಚಪ್ಪಟೆ ಜಾಗವಾದರೆ ಕಥೆ ಮುಗಿಯಿತು. ಆದರೆ ಟ್ಯಾಂಕರಿನ ಹೊಟ್ಟೆ ಗುಂಡಗೆ, ಅದರ ಹಿಂಭಾಗವಂತೂ ಮಡಕೆಯ ಬುಡ. ಚಪಾತಿಯನ್ನು ಕುಂಬಳಕಾಯಿಗೆ ಹೊದಿಸಲು ಹೋಗಿ ನೋಡಿ, ಗೊತ್ತಾಗುತ್ತದೆ. ಒಂದು ಕಡೆ ಕೂತರೆ ಇನ್ನೊಂದು ಕಡೆ ಏಳುತ್ತದೆ. ಆಗ ಅವರು ಅದರ ಮೇಲೆ ಹುಳಿ ವಾಸನೆಯ ಒಂದು ದ್ರವವನ್ನು ಸವರುತ್ತಾರೆ. ಪೊರೆ ಮೆತ್ತಗಾಗುತ್ತದೆ. ಮೆತ್ತಗಾಗಿ, ಕಾಯಿಸಿದ ಹಾಲಿನ ಕೆನೆಯ ಹಾಗೆ ಮುದುಡಿ ಸುಕ್ಕು ಸುಕ್ಕಾಗುತ್ತದೆ. ನೋಡಿದವರ ಎದೆ ಧಸಕ್ಕೆನ್ನಬೇಕು, ಹಾಗೆ! ಎಲ್ಲ ಹಾಳಾಯಿತು, ಬೆರಳಿನಿಂದ ಒಂದಿಷ್ಟು ಸರಿಮಾಡೋಣ ಎನಿಸುತ್ತದೆ.

ಅದೇ ಮುಟ್ಟಬಾರದ ಹೊತ್ತು. ಬಿಟ್ಟರೆ, ಒಣಗುತ್ತ ಒಣಗುತ್ತ ಅದು ತಾನಾಗಿಯೇ ಬಿಗಿದುಕೊಂಡು, ಬಣ್ಣದಲ್ಲೇ ಬರೆದಂತೆ ಆ ಉಬ್ಬಿನ ಮೇಲೆ ಕೂರುತ್ತದೆ. ಮುಟ್ಟಿದರೆ ಹರಿಯುತ್ತದೆ. ಆದ್ದರಿಂದ ದ್ರವ ಸವರಿದ ತಕ್ಷಣ ದುಲ್ಹಾಭಾಯಿ ಕುಂಚ ಕೆಳಗಿಟ್ಟು, ಎರಡೂ ಕೈ ಜೇಬಿಗೆ ತುರುಕಿ, ಕಿಟಕಿಯ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಲ್ಲುತ್ತಾರೆ. ಅವರ ಮಗಳು ಸನಾ ಚಿಕ್ಕವಳಿದ್ದಾಗ ಅವಳೂ ಪಕ್ಕದಲ್ಲಿ ನಿಲ್ಲುತ್ತಿದ್ದಳು. ಅವಳ ಫ್ರಾಕಿಗೆ ಜೇಬಿರಲಿಲ್ಲ. ಅಪ್ಪನ ಜೇಬಿನೊಳಗೇ ತನ್ನ ಕೈಯನ್ನೂ ತೂರಿಸಿಕೊಂಡು ಕಿಟಕಿಯಾಚೆ ಹಾರುವ ವಿಮಾನಗಳನ್ನು ನೋಡುವಳು.

ನಾನು ಈ ವಿದ್ಯೆಗೆ ಹೇಳಿ ಮಾಡಿಸಿದವನಲ್ಲ. ಆಫೀಸುಗಳೇ ತುಂಬಿರುವ ಜೈಡಾಸ್ ಬಡಾವಣೆಯ ಬ್ಯಾಂಕೊಂದರ ರಿಸ್ಕ್ ವಿಭಾಗದಲ್ಲಿದ್ದೇನೆ. ಅಂದರೆ, ಬೇರೆಯವರು ಬಿಟ್ಟಿಯಾಗಿ ಮಾಡುವ ಚಿಂತೆಯನ್ನು ಸಂಬಳಕ್ಕೆ ಮಾಡುತ್ತೇನೆ. ಸುಕ್ಕು ಕಂಡರೆ ಸುಮ್ಮನಿರುವುದು ನನ್ನ ರಕ್ತದಲ್ಲೇ ಇಲ್ಲ. ಒಮ್ಮೆ ಅವರು ಕಿಟಕಿಯತ್ತ ತಿರುಗಿದ್ದಾಗ ಹೆಬ್ಬೆರಳಿನಿಂದ ಒಂದು ಮೂಲೆಯನ್ನು ಒತ್ತಿದೆ. ಟ್ಯಾಂಕರಿನ ಮೇಲೆ ‘ಕುಡಿಯುವ’ ಉಳಿಯಿತು, ‘ನೀರು’ ನನ್ನ ಜೊತೆ ಬಂತು. ಉಜ್ಜಿದರೂ ಹೋಗದ ಆ ನೀರನ್ನು ಹೆಬ್ಬೆರಳಿನ ಮೇಲೆ ಹೊತ್ತುಕೊಂಡೇ ಮರುದಿನ ಬೆಳಿಗ್ಗೆ ಸಭೆಗೆ ಹೋದೆ. ಸಭೆಯ ವಿಷಯವೇನು ಗೊತ್ತೇ? ಪ್ರವಾಹ ಬಂದರೆ ಬ್ಯಾಂಕಿನ ಮನೆಸಾಲಗಳ ಗತಿಯೇನು! ಪಕ್ಕದಲ್ಲಿದ್ದವಳು ಅದು ಹಚ್ಚೆಯೇ ಎಂದು ಕೇಳಿದಳು. ಹೌದೆಂದೆ. ಬೇರೇನು ಹೇಳಲಿ?

ವರ್ಷಕ್ಕೊಮ್ಮೆ ಊರಿನ ಸಭಾಂಗಣದಲ್ಲಿ ಮಾಡೆಲ್ ಮಾಡುವವರ ಪ್ರದರ್ಶನ ನಡೆಯುತ್ತದೆ. ಬಾಂಬರ್ ವಿಮಾನಗಳ ನಡುವೆ ದುಲ್ಹಾಭಾಯಿಯ ನೀಲಿ ಟ್ಯಾಂಕರ್, ಮದುವೆಮನೆಗೆ ಕೆಲಸದ ಬಟ್ಟೆಯಲ್ಲೇ ಬಂದವರಂತೆ ಕೂತಿರುತ್ತದೆ. ಕಳೆದ ಸಲ ಒಬ್ಬ ಎತ್ತರದ ಡಚ್ ಮುದುಕ ಬಹಳ ಹೊತ್ತು ಬಗ್ಗಿ ನೋಡಿ, ಇದರಲ್ಲಿ ಏನು ಸಾಗಿಸುತ್ತಾರೆ ಎಂದು ಕೇಳಿದ. ನೀರು ಎಂದಾಗ ನಂಬಲಿಲ್ಲ. ಹೂಫ್‌ಡಾರ್ಪ್ ನಿಂತಿರುವುದೇ ಬತ್ತಿಸಿದ ಸರೋವರದ ತಳದ ಮೇಲೆ. ನಮ್ಮ ಹಿರಿಯರು ಇಲ್ಲಿನ ನೀರನ್ನು ಹೊರಗೆ ಹಾಕುವುದರಲ್ಲೇ ಜೀವ ಸವೆಸಿದರು, ನೀವು ಅದನ್ನು ಗಾಡಿಯಲ್ಲಿ ತರಿಸುತ್ತಿದ್ದಿರಾ ಎಂದ. ದುಲ್ಹಾಭಾಯಿ ಗಂಭೀರವಾಗಿ, ಮೊದಲೇ ಒಂದು ಮಾತು ಹೇಳಿದ್ದರೆ ಹೊರಗೆ ಹಾಕಿದ್ದನ್ನು ನಮ್ಮ ಚಳ್ಳಕೆರೆಗೇ ಕಳಿಸಬಹುದಿತ್ತಲ್ಲ ಎಂದರು. ಮುದುಕ ನಕ್ಕು ಕೈ ಚಾಚಿದ. ಇವರ ಕೈ ಜೇಬಿನಿಂದ ಹೊರಗೆ ಬರಲು ಸ್ವಲ್ಪ ಹೊತ್ತೇ ಹಿಡಿಯಿತು.

ಅಟ್ಟದ ನಿಯಮ ಅಟ್ಟದಲ್ಲೇ ಇದ್ದಿದ್ದರೆ ನಾನು ಈ ಪ್ರಬಂಧ ಬರೆಯುತ್ತಿರಲಿಲ್ಲ. ಅದು ಮೆಟ್ಟಿಲಿಳಿದು ಸಂಸಾರಕ್ಕೂ ಬಂತು. ಆಪಾ ಸಿಟ್ಟಾದರೆ ಕೈ ಜೇಬಿಗೆ. ಆಫೀಸಿನಲ್ಲಿ ಸಾಹೇಬ ಕೂಗಾಡಿದರೆ ಕೈ ಜೇಬಿಗೆ. ನನಗೆ ಹಿಂದೊಮ್ಮೆ ಕೆಮ್ಮು ಹತ್ತಿದಾಗ, ನಾನು ಇಂಟರ್ನೆಟ್ ನೋಡಿ ನನಗೆ ನಾನೇ ನಾಲ್ಕಾರು ಭಯಂಕರ ರೋಗಗಳನ್ನು ಹಂಚಿಕೊಂಡು, ನಮ್ಮ ಬಡಾವಣೆಯ ಹೌಸ್‌ಆರ್ಟ್ಸ್ ಹತ್ತಿರ, ಅಂದರೆ ಮನೆವೈದ್ಯರ ಹತ್ತಿರ ಓಡಿದೆ. ಈ ದೇಶದ ಮನೆವೈದ್ಯರು ನಿಮಗೆ ಗೊತ್ತಲ್ಲ? ಪ್ಯಾರಸಿಟಮಾಲ್ ತಗೊಳ್ಳಿ, ಸ್ವಲ್ಪ ದಿನ ನೋಡೋಣ ಎಂದು ಕಳಿಸಿದರು. ನಾನು ಕೆಂಡವಾದೆ. ಜೊತೆಗೆ ಬಂದಿದ್ದ ದುಲ್ಹಾಭಾಯಿಯ ಮುಖ ಮಾತ್ರ ಬೆಳಗುತ್ತಿತ್ತು. ಇಷ್ಟು ವರ್ಷಕ್ಕೆ ತಮ್ಮ ಮನಸ್ಸಿನ ಡಾಕ್ಟರ್ ಒಬ್ಬರು ಸಿಕ್ಕರು ಎಂದು ದಾರಿಯುದ್ದಕ್ಕೂ ಹೊಗಳಿದರು. ಕೆಮ್ಮು ತಾನಾಗಿಯೇ ಹೋಯಿತು ಎಂಬುದನ್ನು ಇಂದಿಗೂ ನಾನು ಅವರಿಗೆ ಹೇಳಿಲ್ಲ.

ಹೀಗೆ ನಗುತ್ತ ನಗುತ್ತ ಇದ್ದ ಕಾಲದಲ್ಲೇ ಸನಾಳ ವಿಷಯ ಬಂದದ್ದು.

ಅವಳು ವಾಗೆನಿಂಗನ್‌ನಲ್ಲಿ ಹೆಸರಾಂತ ಕೃಷಿ ವಿಶ್ವವಿದ್ಯಾಲಯದಲ್ಲಿ ಮಣ್ಣಿನ ಬಗ್ಗೆ ಓದುತ್ತಿದ್ದಳು. ‘ಮಗಳು ವಾಗೆನಿಂಗನ್‌ನಲ್ಲಿ’ ಎಂದು ಆಪಾ ಊರಿನ ಎಲ್ಲರಿಗೂ ಫೋನಿನಲ್ಲಿ ಹೇಳಿಯಾಗಿತ್ತು. ಚಳಿಗಾಲದ ಒಂದು ಭಾನುವಾರ ಊಟಕ್ಕೆ ಬಂದವಳು, ಓದು ಬಿಡುತ್ತಿದ್ದೇನೆ, ಉತ್ತರದ ಕಡೆಯ ಫ್ರೀಸ್‌ಲ್ಯಾಂಡ್‌ನಲ್ಲಿ ಹಳೆಯ ಮರದ ದೋಣಿಗಳನ್ನು ರಿಪೇರಿ ಮಾಡುವವರ ಹತ್ತಿರ ಕೆಲಸ ಕಲಿಯಲು ಸೇರಿದ್ದೇನೆ ಎಂದಳು. ಆಪಾ ಅತ್ತಳು. ನಾನು ವಿಮೆ, ಪಿಂಚಣಿ, ಬೆನ್ನುನೋವು ಎಂದು ನನ್ನ ವಿಭಾಗದ ಭಾಷೆಯಲ್ಲಿ ಏನೇನೋ ಹೇಳಿದೆ. ಸನಾ ನಮ್ಮಿಬ್ಬರನ್ನೂ ನೋಡಲಿಲ್ಲ, ಅಪ್ಪನನ್ನೇ ನೋಡುತ್ತಿದ್ದಳು. ದುಲ್ಹಾಭಾಯಿ ಎದ್ದರು. ಎರಡೂ ಕೈ ಜೇಬಿಗೆ ಹೋದವು. ಕಿಟಕಿಯ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಂತರು.

“ಬೈಯೋದಾದ್ರೆ ಬೈದ್ಬಿಡಿ ಅಬ್ಬಾ,” ಎಂದಳು ಹುಡುಗಿ. “ಹೀಗೆ ನಿಲ್ಬೇಡಿ.”

ಅವರು ತಿರುಗಲಿಲ್ಲ. ಅವಳು ಎದ್ದು ಕುರ್ಚಿಯನ್ನು ಗೋಡೆಗೆ ಒರಗಿಸಿದಳು. ಆಮೇಲೆ ಬ್ಯಾಗು ಎತ್ತಿಕೊಂಡು ಹೊರಟುಹೋದಳು.

ಮತ್ತೆ ಬರಲಿಲ್ಲ. ಆಪಾ ಫೋನ್ ಮಾಡಿದರೆ ಮಾತನಾಡುವಳು. ಅಬ್ಬಾ ಹೇಗಿದ್ದಾರೆ ಎಂದು ಮಾತ್ರ ಕೇಳಳು. ಇವರೂ ಫೋನ್ ಮುಟ್ಟಲಿಲ್ಲ. ಕಾಲುವೆಯ ಬದಿಯಲ್ಲಿ ಹಳದಿ ಹೂ ಬಿಟ್ಟವು, ರಂಜಾನ್ ಬಂತು, ಇಫ್ತಾರಿನ ಮೇಜಿನಲ್ಲಿ ಅವಳ ಕುರ್ಚಿ ಗೋಡೆಗೆ ಒರಗಿಕೊಂಡೇ ಇತ್ತು. ಹಬ್ಬಕ್ಕೆ ಬರುತ್ತೀಯಾ ಎಂದು ಆಪಾ ಕೇಳಿದ್ದಕ್ಕೆ ‘ನೋಡ್ತೀನಿ’ ಎಂದಳಂತೆ. ಈದ್‌ಗೂ ಬಾರದ ಮಗು ಆಮೇಲೆ ಯಾವುದಕ್ಕೆ ಬರುತ್ತದೆ? ನನಗೆ ನಿದ್ದೆ ಹತ್ತಲಿಲ್ಲ. ನಿದ್ದೆ ಹತ್ತದಿರುವುದು ನನ್ನ ಹುಟ್ಟುಗುಣ, ಆದರೆ ಈ ಸಲ ಒಂದು ಕಾರಣವಾದರೂ ಇತ್ತು. ಅಟ್ಟ ಹತ್ತಿ ಹೋಗಿ, ಒಂದು ಫೋನ್ ಮಾಡಿದರೆ ನಿಮ್ಮ ಗಂಟೇನು ಹೋಗುತ್ತೆ ಎಂದು ಕೇಳಿಯೇಬಿಟ್ಟೆ.

ಅವರು ಹೊಸ ಟ್ಯಾಂಕರಿಗೆ ಬಣ್ಣ ಹೊಡೆಯುತ್ತಿದ್ದರು. “ಈಗ ಸುಕ್ಕುಗಟ್ಟಿದೆ ಕಣಪ್ಪಾ,” ಎಂದರು. “ನಾನು ಈಗ ಏನೇ ಅಂದ್ರೂ ಅವಳಿಗೆ ‘ವಾಪಸ್ ಬಾ’ ಅಂದ ಹಾಗೇ ಕೇಳ್ಸುತ್ತೆ. ಅವಳ ಪಾಡಿಗೆ ಅವಳು ಕೂರ್ಲಿ.”

“ಮಗಳು ಡೆಕಾಲ್ ಅಲ್ಲ ದುಲ್ಹಾಭಾಯಿ.”

ಅವರು ಕುಂಚವನ್ನು ಮತ್ತೆ ಬಣ್ಣದಲ್ಲಿ ಅದ್ದಿದರು. ನಾನು ಕೆಳಗಿಳಿಯುತ್ತ, ಈ ಮನುಷ್ಯನ ಎದೆಯಲ್ಲಿರುವುದೂ ಪ್ಲಾಸ್ಟಿಕ್ಕೇ ಇರಬೇಕು ಎಂದುಕೊಂಡೆ. ಮಂಡಿಯೂ ಒಪ್ಪಿತು.

ಈದ್ ದಿನ ನಮಾಜ್ ಮುಗಿಸಿ, ಹೆಂಡತಿಯನ್ನು ಕರೆದುಕೊಂಡು ಅವರ ಮನೆಗೆ ಹೋದೆ. ಹಾಲು, ಖರ್ಜೂರ, ಶಾವಿಗೆಯ ಘಮ ಬಾಗಿಲಿಗೇ ಬಂದು ತಬ್ಬಿಕೊಂಡಿತು. ಬಿರಿಯಾನಿಗೆ ಅಣಿ ಮಾಡುತ್ತಿದ್ದ ಆಪಾ ಫ್ರಿಜ್ಜಿನಿಂದ ಮೊಸರು ತೆಗೆದುಕೊಡು ಎಂದಳು. ಬಾಗಿಲು ತೆರೆದರೆ ಒಳಗೆ ಪುದೀನದ ತೋಟ! ಕಟ್ಟಿನ ಮೇಲೆ ಕಟ್ಟು. ಬೆಳಗಿನಿಂದ ನಿಮ್ಮ ಭಾವನಿಗೆ ಅದೊಂದೇ ಕೆಲಸ ಎಂದಳು. ಪುದೀನ ತರುತ್ತೇನೆಂದು ಹೋಗುವುದು, ತರುವುದು, ಸಾಲದೇನೋ ಎಂದು ಮತ್ತೆ ಹೋಗುವುದು. ಈಗಲೂ ಅಲ್ಲಿಗೇ ಹೋಗಿದ್ದಾರೆ. ಮೇಲಿನಿಂದ ಎರಡು ಕುರ್ಚಿ ಇಳಿಸಿಕೊಡು ಎಂದಳು.

ಅಟ್ಟದ ಮೇಜಿನ ಮೇಲೆ ಹೊಸ ಟ್ಯಾಂಕರ್ ಇತ್ತು. ದೀಪವನ್ನು ಆರಿಸಿರಲಿಲ್ಲ. ಎಂದಿನಂತೆ ಬಗ್ಗಿ ನೋಡಿದವನು ಹಾಗೇ ನಿಂತುಬಿಟ್ಟೆ. ‘ಕುಡಿಯುವ’ ನೆಟ್ಟಗಿತ್ತು. ಪಕ್ಕದ ‘ನೀರು’ ನಡುವೆ ಹರಿದು, ಮುದ್ದೆಯಾಗಿ, ಒಂದು ಬದಿಗೆ ಜರುಗಿತ್ತು. ಅದರ ಮೇಲೆ ಒಂದು ಬೆರಳಿನ ಗುರುತು. ಗೆರೆಗೆರೆಯಾಗಿ ಸ್ಪಷ್ಟವಾಗಿ ಮೂಡಿತ್ತು, ಒತ್ತಿ ಬಹಳ ಹೊತ್ತು ಬಿಡದೆ ಇದ್ದಂತೆ. ಆ ಮನೆಯಲ್ಲಿ ಅಟ್ಟ ಹತ್ತುವವರು ಅವರನ್ನು ಬಿಟ್ಟರೆ ನಾನೊಬ್ಬನೇ. ಈ ಸಲ ಮುಟ್ಟಿದವನು ನಾನಲ್ಲ.

ಕುರ್ಚಿಗಳನ್ನು ಮರೆತು ಕೆಳಗಿಳಿದು ಹೊರಗೆ ನಡೆದೆ. ಪುದೀನ ಮಾರುವ ಟರ್ಕಿಯವರ ಅಂಗಡಿಯ ಎದುರಿಗಿರುವುದು ಏನು ಎಂಬುದು ನನಗೆ ಆಗ ಹೊಳೆಯಿತು: ಬಸ್ ನಿಲ್ದಾಣ. ದುಲ್ಹಾಭಾಯಿ ಅಲ್ಲೇ ಇದ್ದರು. ಹೊಸ ಜುಬ್ಬಾದ ಮೇಲೆ ಹಳೆಯ ಕೋಟು, ಕಂಕುಳಲ್ಲಿ ಪುದೀನದ ಕಟ್ಟು, ಎರಡೂ ಕೈ ಜೇಬಿನಲ್ಲಿ. ನನ್ನನ್ನು ಕಂಡು ಮತ್ತೆ ರಸ್ತೆಯತ್ತ ತಿರುಗಿದರು.

“ಮೇಲೆ ನೋಡಿದೆ,” ಎಂದೆ.

“ಮುಟ್ಬಿಟ್ಟೆ ಕಣಪ್ಪಾ,” ಎಂದರು.

ಒಂದು ಬಸ್ಸು ಬಂತು, ಹೋಯಿತು. ಅದರಲ್ಲಿ ಅವಳಿರಲಿಲ್ಲ. ನಾನೂ ಅವರ ಹಿಂದೆ ನಿಂತು ಕಾದೆ. ಗಾಳಿ ಕೊರೆಯುತ್ತಿತ್ತು. ಬ್ಯಾಂಕಿನಲ್ಲಿ ಇಷ್ಟು ವರ್ಷ ನಾನು ಮಾಡಿದ ಚಿಂತೆಯನ್ನೆಲ್ಲ ಒಟ್ಟುಗೂಡಿಸಿದರೂ ಆ ಕೋಟಿನ ಎರಡು ಜೇಬು ತುಂಬುತ್ತಿರಲಿಲ್ಲ ಎನಿಸಿತು.

ಮುಂದಿನ ಬಸ್ಸಿನಿಂದ ಸನಾ ಇಳಿದಳು. ಬೆನ್ನಿಗೆ ಬ್ಯಾಗು, ಉಗುರಿನ ಸಂದಿಯಲ್ಲಿ ತೊಳೆದರೂ ಹೋಗದ, ದೋಣಿಗೆ ಬಳಿಯುವ ಡಾಂಬರು. ಅಪ್ಪನನ್ನು ಕಂಡು ಅಲ್ಲೇ ನಿಂತಳು. ಅವರೂ ಕದಲಲಿಲ್ಲ. ಕೈ ತೆಗೆಯಿರಿ ದುಲ್ಹಾಭಾಯಿ, ಈಗಲಾದರೂ ಹೊರಗೆ ತೆಗೆಯಿರಿ ಎಂದು ನನ್ನ ಜೀವ ಒದ್ದಾಡುತ್ತಿತ್ತು. ಅವರನ್ನು ಹಿಂದಿನಿಂದ ಮೆಲ್ಲಗೆ ತಳ್ಳಿಬಿಡೋಣವೇ ಎನಿಸಿತು. ನನ್ನ ಕೈ ಮುಂದಕ್ಕೂ ಹೋಗಿತ್ತು. ಅದನ್ನು ಹಿಂದಕ್ಕೆಳೆದು, ಜೀವಮಾನದಲ್ಲಿ ಮೊದಲ ಬಾರಿಗೆ, ನನ್ನ ಜೇಬಿಗೆ ಹಾಕಿಕೊಂಡೆ.

“ಪುದೀನ ಯಾಕೆ ಅಬ್ಬಾ?” ಎಂದಳು ಹುಡುಗಿ.

“ನಿಮ್ಮ ಅಮ್ಮಿ ತರೋಕೆ ಹೇಳಿದ್ಲು,” ಎಂದರು.

ಅವಳು ನಾಲ್ಕು ಹೆಜ್ಜೆ ಬಂದು ಪಕ್ಕದಲ್ಲಿ ನಿಂತಳು. ಈಗ ಅಪ್ಪನಿಗಿಂತ ಅರ್ಧ ಗೇಣು ಎತ್ತರವಾಗಿದ್ದಾಳೆ. ತನ್ನ ಕೈಯನ್ನು ಅವರ ಕೋಟಿನ ಜೇಬಿನೊಳಗೆ ತೂರಿಸಿದಳು. ಇಬ್ಬರೂ ಹಾಗೆಯೇ ಮನೆಯ ಕಡೆ ನಡೆದರು. ಎಲ್ಲಿ, ಯಾವ ದೋಣಿ, ಎಷ್ಟು ಹಳೆಯದು ಎಂದು ಅವರು ಕೇಳುತ್ತಿದ್ದುದು ಗಾಳಿಯಲ್ಲಿ ತುಂಡುತುಂಡಾಗಿ ಬರುತ್ತಿತ್ತು.

ಕಂಕುಳಿನ ಪುದೀನ ಬಿದ್ದದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ಅದನ್ನು ಎತ್ತಿಕೊಂಡು ನಾನು ಸ್ವಲ್ಪ ದೂರ ಬಿಟ್ಟು ಹಿಂದೆ ನಡೆದೆ.